ಪರ–ವಿರೋಧ: ಗಾಸ್ತೋನ್ ಫೆಬುಸ್‌ನ ಆಳ್ವಿಕೆಯಿಂದ ಬೆಯಾರ್ನ್‌ಗೆ ಒಳಿತಾಯಿತೇ?

ಪರ: ನೂರು ವರ್ಷದ ಯುದ್ಧವನ್ನು ಗಡಿಯಲ್ಲೇ ತಡೆದವನು

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ನೂರು ವರ್ಷದ ಯುದ್ಧ ನಡೆಯುತ್ತಿದ್ದ ಕಾಲ. 1343ರಲ್ಲಿ ತಂದೆ ತೀರಿಕೊಂಡಾಗ, ಮುಂದೆ ಫೆಬುಸ್ ಎಂದು ಹೆಸರಾದ ಮೂರನೇ ಗಾಸ್ತೋನ್‌ಗೆ 12 ವರ್ಷ. ಕೈಗೆ ಬಂದದ್ದು ಒಂದಕ್ಕೊಂದು ತಾಗದ ಎರಡು ಸೀಮೆಗಳು: ಇಂದಿನ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ, ಪಿರನೀಸ್ ಬೆಟ್ಟಸಾಲಿನ ಬುಡದಲ್ಲಿ ಪೂರ್ವಕ್ಕೆ ಫ್ವಾ, ಪಶ್ಚಿಮಕ್ಕೆ ಬೆಯಾರ್ನ್. ನಡುವೆ ಇದ್ದದ್ದು ಬೇರೆಯವರ ನೆಲ. ಫ್ವಾಕ್ಕೆ ಫ್ರಾನ್ಸಿನ ದೊರೆಯೇ ಒಡೆಯ, ಅದರಲ್ಲಿ ತಕರಾರಿರಲಿಲ್ಲ. ಬೆಯಾರ್ನ್ ಮಾತ್ರ ತನ್ನ ಕೈಯಲ್ಲಿರುವ ಗ್ಯಾಸ್ಕನಿ ಸೀಮೆಗೆ ಸೇರಿದ್ದು ಎಂದು ಇಂಗ್ಲೆಂಡಿನ ದೊರೆ ಹಕ್ಕು ಸಾಧಿಸುತ್ತಿದ್ದ. ಫ್ರಾನ್ಸಿನ ಪರ ನಿಂತರೆ ಬೆಯಾರ್ನ್ ಮೇಲೆ ಇಂಗ್ಲಿಷರ ದಾಳಿ, ಇಂಗ್ಲೆಂಡಿನ ಕಡೆ ವಾಲಿದರೆ ಫ್ವಾ ಜಪ್ತಿ.

ಈ ಇಕ್ಕಟ್ಟಿನಿಂದ ಅವನು ಹೊರಬಂದ ರೀತಿಯನ್ನು ಗಮನಿಸಬೇಕು. 1347ರ ಸೆಪ್ಟೆಂಬರ್ 25ರಂದು ಬೆಯಾರ್ನ್‌ನ ಓರ್ತೆಜ್ ಊರಿನಲ್ಲಿ ಫ್ರಾನ್ಸಿನ ದೂತನಿಗೆ ಕೊಟ್ಟ ಉತ್ತರ ಇಷ್ಟು: ಫ್ವಾದ ಮಟ್ಟಿಗೆ ನಾನು ದೊರೆಯ ಸಾಮಂತ, ಬೆಯಾರ್ನ್ ನನಗೆ ದೇವರಿಂದ ಬಂದದ್ದು, ಲೋಕದ ಯಾವ ಮನುಷ್ಯನಿಂದಲೂ ಅಲ್ಲ. ಇದನ್ನು ಹದಿನಾರರ ಹುಡುಗನ ಪೊಗರು ಎಂದು ತಳ್ಳಿಹಾಕುವಂತಿಲ್ಲ. ಹಿಂದಿನ ವರ್ಷ ಕ್ರೆಸಿಯಲ್ಲಿ ಇಂಗ್ಲಿಷರ ಎದುರು ಫ್ರಾನ್ಸಿನ ಸೈನ್ಯ ನುಚ್ಚುನೂರಾಗಿತ್ತು, ಆಗಷ್ಟೇ ಆಗಸ್ಟಿನಲ್ಲಿ ಕ್ಯಾಲೆ ಬಂದರು ಕೈತಪ್ಪಿತ್ತು. ಮಾತಿಗೆ ಮಾತು ಕೊಡಲು ಫ್ರಾನ್ಸಿಗೆ ತ್ರಾಣವಿಲ್ಲದ ಹೊತ್ತನ್ನು ಅವನು ಸರಿಯಾಗಿ ಆರಿಸಿಕೊಂಡ. 1364ರಲ್ಲಿ ಇಂಗ್ಲೆಂಡಿನ ಯುವರಾಜ, ‘ಕಪ್ಪು ರಾಜಕುಮಾರ’ ಎಂದೇ ಹೆಸರಾದವನು, ಆಜಾನ್‌ನಲ್ಲಿ ಒತ್ತಾಯಿಸಿದಾಗಲೂ ಅಷ್ಟೇ: ತನ್ನದೇ ಇನ್ನೊಂದು ಸೀಮೆಯಾದ ಮಾರ್ಸಾನ್‌ಗಾಗಿ ಸಾಮಂತನೆಂದು ಮಂಡಿಯೂರಿದ, ಬೆಯಾರ್ನ್‌ಗಾಗಿ ಊರಲಿಲ್ಲ.

ಇದರ ಫಲ ಕಂಡದ್ದು ದನಗಾಹಿಗಳ ಬದುಕಿನಲ್ಲಿ. ಓಸೋ ಕಣಿವೆಯ ಮಂದೆಗಳು ಚಳಿಗಾಲಕ್ಕೆ ಬೆಟ್ಟ ಇಳಿದು ಇಂಗ್ಲಿಷರ ಕೈಯಲ್ಲಿದ್ದ ಬೋರ್ಡೋ ಕಡೆಯ ಬಯಲಿಗೆ ಹೋಗಬೇಕು. ವ್ಯಾಪಾರಿಗಳಿಗೆ ಒಂದು ಕಡೆ ಬೆಟ್ಟದಾಚೆಯ ಅರಾಗಾನ್ ರಾಜ್ಯ ಬೇಕು, ಇನ್ನೊಂದು ಕಡೆ ಫ್ರಾನ್ಸಿನ ದೊರೆಯ ತೂಲೂಸ್ ಪಟ್ಟಣ ಬೇಕು. ಯಾವುದೇ ಒಂದು ಪಕ್ಷ ಸೇರಿದ್ದರೆ ಈ ದಾರಿಗಳಲ್ಲಿ ಅರ್ಧ ಮುಚ್ಚಿಹೋಗುತ್ತಿದ್ದವು.

ಹಣದ ವಿಷಯದಲ್ಲೂ ಅವನ ಲೆಕ್ಕಾಚಾರ ಗಟ್ಟಿಯಾದದ್ದು. 1362ರ ಡಿಸೆಂಬರ್ 5ರಂದು ಲೋನಾಕ್‌ನಲ್ಲಿ ಹಳೆಯ ವೈರಿ ಆರ್ಮಾನ್ಯಾಕ್‌ನ ಕೌಂಟ್ ಸೆರೆಸಿಕ್ಕ. ನೆಲ ಕಿತ್ತುಕೊಂಡಿದ್ದರೆ ಮತ್ತೊಂದು ಯುದ್ಧಕ್ಕೆ ಬೀಜ ಬಿತ್ತಿದಂತಾಗುತ್ತಿತ್ತು. ಫೆಬುಸ್ ಕೇಳಿದ್ದು ಬಿಡುಗಡೆಯ ಹಣ. ಕೌಂಟ್ ಒಬ್ಬನದೇ 3,00,000 ಫ್ಲೋರಿನ್ ಚಿನ್ನದ ನಾಣ್ಯ. ಆ ಹಣದ ಬಲದಿಂದಲೇ ಮೋನ್ತಾನೇರ್‌ನ ಇಟ್ಟಿಗೆ ಕೋಟೆ ಎದ್ದಿತು, ಪೋ ಮತ್ತು ಮೋರ್ಲಾನ್ ಕೋಟೆಗಳು ಬಲವಾದವು. 1376ರ ಸೈನ್ಯದ ಪಟ್ಟಿಗಳು, 1385ರಲ್ಲಿ ಊರೂರಿನ ಮನೆಗಳನ್ನು ಹೆಸರು ಸಮೇತ ಬರೆಸಿದ ಒಲೆಗಣತಿ ಇಂದಿಗೂ ಉಳಿದಿವೆ. ತನ್ನ ಸೀಮೆಯಲ್ಲಿ ಎಷ್ಟು ಒಲೆ ಉರಿಯುತ್ತವೆ ಎಂದು ತಿಳಿದು ತೆರಿಗೆ ಹಾಕಿದ ಪ್ರಭು ಅವನು. ಕಪ್ಪು ರಾಜಕುಮಾರ 1368ರಲ್ಲಿ ತಾನು ಆಳುತ್ತಿದ್ದ ಪಕ್ಕದ ಅಕ್ವಿಟೇನ್‌ನಲ್ಲಿ ಇದೇ ಒಲೆ ತೆರಿಗೆ ಹಾಕಿದಾಗ ಅಲ್ಲಿನ ಪ್ರಭುಗಳು ಪ್ಯಾರಿಸ್‌ಗೆ, ಫ್ರಾನ್ಸಿನ ದೊರೆಯ ಬಳಿ, ದೂರು ಕೊಂಡೊಯ್ದರು, ಮರುವರ್ಷ ಯುದ್ಧ ಮತ್ತೆ ಹೊತ್ತಿಕೊಂಡಿತು. ಬೆಯಾರ್ನ್‌ನಲ್ಲಿ ಒಲೆಗೆ ಎರಡು ಫ್ರಾಂಕ್ ಕೊಟ್ಟ ಜನ ದಂಗೆ ಏಳಲಿಲ್ಲ. ಕೊಟ್ಟ ಹಣಕ್ಕೆ ಸುಡದ ಹೊಲ, ಲೂಟಿಯಾಗದ ಕಣಜ ಸಿಗುತ್ತಿತ್ತು.

ವಿರೋಧ: ಕಾಪಾಡಿದ್ದನ್ನು ತಾನೇ ಮಾರಿದವನು

ಸುಡದ ಹೊಲದ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಲೆಗೆ ಎರಡು ಫ್ರಾಂಕ್ ಎಂಬ ಲೆಕ್ಕವಾಗಲಿ, ಜನ ಖುಷಿಯಿಂದ ಕೊಡುತ್ತಿದ್ದರು ಎಂಬ ಚಿತ್ರವಾಗಲಿ ನಮಗೆ ಸಿಗುವುದು ಫ್ರುವಾಸಾರ್ ಎಂಬ ಚರಿತ್ರಕಾರನಿಂದ. ಅವನು 1388ರ ಚಳಿಗಾಲದಲ್ಲಿ ಓರ್ತೆಜ್‌ಗೆ ಬಂದು ಫೆಬುಸ್‌ನ ಆತಿಥ್ಯದಲ್ಲಿದ್ದವನು. ಗೋಪುರದಲ್ಲಿ ಮೂವತ್ತು ಲಕ್ಷ ಫ್ಲೋರಿನ್ ಇದೆ ಎಂದೂ ಅವನೇ ಬರೆದ. ಫೆಬುಸ್ ಸತ್ತ ಮೇಲೆ ಎಣಿಸಿದಾಗ ಸಿಕ್ಕಿದ್ದು ಏಳು ಲಕ್ಷ ಚಿಲ್ಲರೆ. ಆ ಮೊತ್ತವೂ ಸಣ್ಣದಲ್ಲ, ಸಮಸ್ಯೆ ಇರುವುದೇ ಅಲ್ಲಿ. ಯುದ್ಧದ ಹೊತ್ತಿಗೆಂದು ಹಾಕುವ ತೆರಿಗೆಯನ್ನು ಅವನು ಪ್ರತಿ ವರ್ಷದ ಬಾಬತ್ತು ಮಾಡಿದ. ಹಣ ಗೋಪುರದಲ್ಲಿ ಕೊಳೆಯಿತು. ಬೆಯಾರ್ನ್‌ಗೆ ‘ಕೂರ್ ಮಜೂರ್’ ಎಂಬ ಹಳೆಯ ಪ್ರಭುಸಭೆಯಿತ್ತು. ಅದನ್ನು ಮೂಲೆಗೆ ತಳ್ಳಿ, ನ್ಯಾಯವನ್ನೂ ತನ್ನ ಆಸ್ಥಾನಕ್ಕೇ ಎಳೆದುಕೊಂಡ. ದಂಗೆ ಏಳಲಿಲ್ಲ ಎಂದರೆ ಒಪ್ಪಿದರು ಎಂದಲ್ಲ, ಕೇಳುವ ಜಾಗವೇ ಉಳಿದಿರಲಿಲ್ಲ.

ಇನ್ನು 1380ರಲ್ಲಿ ಅವನ ಕೈಯಲ್ಲೇ ಮಗ ಸತ್ತ ಪ್ರಕರಣ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅವನ ಅಭಿಮಾನಿಗಳು ಇದನ್ನು ಬದಿಗಿಡುತ್ತಾರೆ. ವಂಶದಿಂದ ವಂಶಕ್ಕೆ ಇಳಿಯುವ ಅಧಿಕಾರದಲ್ಲಿ ಮನೆ ಬೇರೆ, ಊರು ಬೇರೆ ಅಲ್ಲ. ವರದಕ್ಷಿಣೆ ಪೂರ್ತಿ ಬರಲಿಲ್ಲವೆಂದು ಹೆಂಡತಿಯನ್ನು, ಪಕ್ಕದ ನವಾರಾ ರಾಜ್ಯದ ಆಗ್ನೆಸ್‌ಳನ್ನು, ಮಗ ಹುಟ್ಟಿದ ವರ್ಷವೇ, 1362ರಲ್ಲಿ ತವರಿಗೆ ಅಟ್ಟಿದ. ಹದಿನೆಂಟು ವರ್ಷದ ನಂತರ ಆ ಮಗ, ಇನ್ನೊಬ್ಬ ಗಾಸ್ತೋನ್, ತಾಯಿಯ ಅಣ್ಣ ನವಾರಾದ ದೊರೆ ಕೊಟ್ಟ ಪುಡಿಯ ಚೀಲವನ್ನು ಎದೆಗೆ ಕಟ್ಟಿಕೊಂಡು ಬಂದನಂತೆ. ಪುಡಿಯನ್ನು ನಾಯಿಗೆ ತಿನ್ನಿಸಿದರು, ನಾಯಿ ಸತ್ತಿತು. ಹುಡುಗನನ್ನು ಓರ್ತೆಜ್‌ನ ಗೋಪುರದ ಕತ್ತಲೆ ಕೋಣೆಗೆ ಹಾಕಿದರು. ಅವನು ಊಟ ಬಿಟ್ಟ. ಉಗುರು ತೀಡುತ್ತಿದ್ದ ಸಣ್ಣ ಚಾಕು ಕೈಯಲ್ಲಿದ್ದಂತೆಯೇ ತಂದೆ ಒಳಗೆ ಹೋದ, ಏಕೆ ತಿನ್ನುವುದಿಲ್ಲ ಎಂದು ಗದರಿ ಕುತ್ತಿಗೆಗೆ ಕೈ ಹಾಕಿದ, ಮೊನೆ ನರಕ್ಕೆ ತಾಗಿತು, ಹುಡುಗ ಸತ್ತ. ಇದು ಫ್ರುವಾಸಾರ್ ಹೇಳುವ ಕಥೆ. ಆಕಸ್ಮಿಕ ಎಂದು ನಂಬುವುದು ಕಷ್ಟ. ನಂಬಿದರೂ ಉಳಿದದ್ದು ಹಾಗೆಯೇ ಇದೆ: ಫೆಬುಸ್‌ನನ್ನು ಕೊಲ್ಲುವ ಸಂಚಿನಲ್ಲಿ ಬೆಯಾರ್ನ್‌ನ ಲೆಸ್ಕಾರ್‌ನ ಬಿಷಪ್ ಓದೋನ್ ದ ಮಾಂದೂಸ್ ಕೂಡ ಇದ್ದ, ದೇಶ ಬಿಟ್ಟು ಓಡಿದ. ದೊಡ್ಡ ಮನೆತನದವರೂ ಕೈಜೋಡಿಸಿದ್ದರು. ಸಭೆಯ ಬಾಯಿ ಮುಚ್ಚಿಸಿದ ಕಡೆ ಅಸಮಾಧಾನ ಸಂಚಿನ ರೂಪ ತಾಳುತ್ತದೆ.

ಧರ್ಮಪತ್ನಿಯ ಮಗ ಅವನೊಬ್ಬನೇ. ಬೇರೆ ವಾರಸುದಾರನನ್ನು ಗೊತ್ತುಮಾಡಿ ಸೀಮೆಯನ್ನು ಭದ್ರಪಡಿಸಲು ಫೆಬುಸ್‌ಗೆ ಇನ್ನೂ ಹನ್ನೊಂದು ವರ್ಷ ಇತ್ತು. ಮಾಡಿದ್ದೇನು? 1390ರ ಜನವರಿಯಲ್ಲಿ ತೂಲೂಸ್‌ನಲ್ಲಿ ಆರನೇ ಚಾರ್ಲ್ಸ್‌ನಿಂದ 1,00,000 ಫ್ರಾಂಕ್ ಪಡೆದು, ತಾನು ಸತ್ತ ಮೇಲೆ ಸೀಮೆಗಳೆಲ್ಲ ಫ್ರಾನ್ಸಿನ ದೊರೆಗೇ ಸೇರಲಿ ಎಂದು ಒಪ್ಪಿಕೊಂಡ. 1347ರ ಆ ದೊಡ್ಡ ಮಾತನ್ನು ಮೆಚ್ಚುವವರು ಈ ಕರಾರನ್ನೂ ಓದಬೇಕು. ದೇವರು ಕೊಟ್ಟದ್ದನ್ನು ಅವನು ಬೆಲೆ ಕಟ್ಟಿ ಕೊಟ್ಟ.

1391ರ ಆಗಸ್ಟ್ 1ರಂದು ಓರಿಯೋನ್ ಬಳಿ, ಬೇಟೆಯಿಂದ ಬಂದು ಊಟಕ್ಕೆ ಮುನ್ನ ಕೈತೊಳೆಯುವಾಗ ಕುಸಿದು ಸತ್ತ. ಅನೈತಿಕ ಸಂಬಂಧದ ಮಗ ಇವೆನ್ ಖಜಾನೆ ಹಿಡಿಯಲು ಓರ್ತೆಜ್‌ಗೆ ಧಾವಿಸಿದ. ಸೀಮೆಯನ್ನು ಉಳಿಸಿದವರು ಬೆಯಾರ್ನ್‌ನ ಜನರೇ. ಪ್ರಭುಗಳು, ಪಾದ್ರಿಗಳು, ಊರಿನ ಪ್ರತಿನಿಧಿಗಳು ಒಟ್ಟಿಗೆ ಸೇರಿ ದೂರದ ದಾಯಾದಿ ಮಾತಿಯೂ ದ ಕಾಸ್ತೆಲ್‌ಬೋನ್‌ನನ್ನು ಷರತ್ತು ಹಾಕಿ ಒಪ್ಪಿಕೊಂಡರು. ಆ ವರ್ಷದ ಕೊನೆಗೆ ಮಾತಿಯೂ 2,50,000 ಫ್ರಾಂಕ್ ತೆತ್ತು ಹಳೆಯ ಕರಾರನ್ನು ಫ್ರಾನ್ಸಿನ ದೊರೆಯಿಂದ ರದ್ದು ಮಾಡಿಸಿಕೊಂಡ. ಒಂದು ಲಕ್ಷಕ್ಕೆ ಮಾರಿದ್ದನ್ನು ಎರಡೂವರೆ ಲಕ್ಷಕ್ಕೆ ಬಿಡಿಸಿಕೊಳ್ಳಬೇಕಾಯಿತು. ಆ ಸಭೆಯೇ ಮುಂದೆ ಬೆಯಾರ್ನ್‌ನ ಎಸ್ಟೇಟ್ಸ್ ಎಂಬ ಸಂಸ್ಥೆಯಾಗಿ ನೆಲೆನಿಂತಿತು, ಪ್ರಭು ಹಣ ಬೇಕೆಂದಾಗ ಅದರ ಮುಂದೆ ಬಂದು ಕೇಳಬೇಕಾಯಿತು.