1/35 ಸೈನ್ಯದ ಅಳತೆ ಅಲ್ಲ
ತುಮಕೂರಿನಲ್ಲಿ ಟ್ಯಾಂಕ್ ಮಾಡೆಲ್ ಕಟ್ಟುವ ಗೆಳೆಯರ ನಡುವೆ ಒಂದು ಮಾತು ಓಡಾಡುತ್ತಿದೆ. 1/35 (ಮಾಡೆಲ್ಲಿನ ಉದ್ದ, ಅಗಲ, ಎತ್ತರ ನಿಜವಾದ ಟ್ಯಾಂಕಿನ 35ರಲ್ಲಿ ಒಂದು ಪಾಲು) ಅನ್ನುವುದು ಸೈನ್ಯ ನಿಗದಿ ಮಾಡಿದ ಅಳತೆ, ಮಾಡೆಲ್ಲಿನ ತೂಕವೂ ನಿಜವಾದ ಟ್ಯಾಂಕಿನ 35ರಲ್ಲಿ ಒಂದು ಪಾಲು ಇರಬೇಕು ಅಂತ. ಎರಡೂ ತಪ್ಪು.

1960ರ ದಶಕದ ಆರಂಭದಲ್ಲಿ ಜಪಾನಿನ ಮಾಡೆಲ್ ಕಂಪನಿ ತಮಿಯಾ, ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಜೋಡಿಸುವ ಕಿಟ್ ತಂದಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಹಾಗೆ ಬಂದ ಗಾತ್ರವೇ ಸುಮಾರು 1/35. ಆಮೇಲೆ ಅದೇ ರೂಢಿಯಾಯಿತು.

ಇನ್ನು ತೂಕ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುತ್ತವೆ, ಅಲ್ವಾ? ಹಾಗಾಗಿ ತೂಕವನ್ನು 35 × 35 × 35, ಅಂದರೆ 42,875ರಿಂದ ಭಾಗಿಸಬೇಕು. ಅಂದರೆ 36 ಟನ್ನಿನ ಸೋವಿಯತ್ ಟ್ಯಾಂಕ್ ಟಿ-55 ಅನ್ನು ಅದೇ ಲೋಹದಲ್ಲಿ ಮಾಡಿದರೂ ಸುಮಾರು 840 ಗ್ರಾಂ ಅಷ್ಟೇ. ನಮ್ಮ ಕಿಟ್‌ಗಳು ಪ್ಲಾಸ್ಟಿಕ್, ಇನ್ನೂ ಹಗುರ. ಸುಮ್ನೆ ತೂಕ ಜಾಸ್ತಿ ಮಾಡಲು ಮಕ್ಕಳ ಕೈಗೆ ಸೀಸದ ಚೂರು ಕೊಡಬೇಡಿ, ದಯವಿಟ್ಟು. ಸೀಸ ವಿಷ.