ಹನ್ನೆರಡೂ ಇಪ್ಪತ್ತರ ವಿಮಾನ

ತಮ್ಮನಿರುವ ಊರಿಗೆ ನಾವು ನಾಲ್ಕು ಜನ ಹೋಗಬೇಕಿತ್ತು. ನಾನು, ಹೆಂಡತಿ, ಇಬ್ಬರು ಮಕ್ಕಳು. ಹೆಂಡತಿ ಹೇಳಿದ್ದು ಒಂದೇ ಮಾತು: "ರೀ, ಇವತ್ತೇ ಟಿಕೆಟ್ ಮಾಡಿಬಿಡಿ."

ಅಷ್ಟು ಸಲೀಸಾಗಿ ದುಡ್ಡು ಬಿಚ್ಚುವ ಜಾಯಮಾನ ನನ್ನದಲ್ಲ. "ಸ್ವಲ್ಪ ತಡಿ, ರೇಟು ಇಳಿಯುತ್ತೆ" ಅಂದೆ. ಯಾವ ಆಧಾರದ ಮೇಲೆ ಅಂದೆ ಅಂತ ಮಾತ್ರ ಕೇಳಬೇಡಿ.

ಮರುದಿನ ರೇಟು ಏರಿತು. ಅದರ ಮರುದಿನ ಇನ್ನೂ ಏರಿತು. ಮೂರನೇ ದಿನ ಸ್ವಲ್ಪ ಇಳಿಯಿತು. ಇನ್ನೂ ಇಳಿಯುತ್ತೆ ಅಂತ ಕಾದೆ, ಸಂಜೆಗೆ ಮತ್ತೆ ಏರಿತು. ಗೆಳೆಯನಿಗೆ ಫೋನ್ ಮಾಡಿದರೆ ಅವನು ದನಿ ತಗ್ಗಿಸಿ ಹೇಳಿದ: "ಆ ವೆಬ್‌ಸೈಟು ನಿನ್ನ ಗುರುತು ಹಿಡಿದಿದೆ ಕಣೋ. ಪದೇ ಪದೇ ನೋಡ್ತಾನೆ, ಇವನಿಗೆ ಅವಸರ ಇದೆ ಅಂತ ಗೊತ್ತಾಗಿದೆ. ಗುರುತು ಸಿಗದ ಹಾಗೆ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನೋಡು, ಅದೇ ಆ ಕಪ್ಪು ಕಿಟಕಿ. ಮಂಗಳವಾರ ನಡುರಾತ್ರಿ ನೋಡು."

ಸರಿ, ಮಂಗಳವಾರ ನಡುರಾತ್ರಿ ದೀಪ ಆರಿಸಿ, ಕಪ್ಪು ಕಿಟಕಿ ತೆರೆದು ಕೂತೆ. ನೀರು ಕುಡಿಯೋಕೆ ಎದ್ದ ಹೆಂಡತಿ ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ. ಬೆಚ್ಚಿಬಿದ್ದು ಲ್ಯಾಪ್‌ಟಾಪ್ ಪಟ್ಟಂತ ಮುಚ್ಚಿದೆ. ಮುಚ್ಚಬಾರದಿತ್ತು. "ವಿಮಾನದ ಟಿಕೆಟ್ ನೋಡ್ತಿದ್ದೆ ಕಣೇ" ಅಂದರೆ, ಇಷ್ಟು ಕಳಪೆ ಸುಳ್ಳನ್ನು ಈವರೆಗೆ ಯಾವ ಗಂಡನೂ ಹೇಳಿಲ್ಲ ಅನ್ನುವ ಹಾಗೆ ನೋಡಿದಳು.

ಕಪ್ಪು ಕಿಟಕಿಯಲ್ಲೂ ರೇಟು ಅಷ್ಟೇ ಇತ್ತು ಅನ್ನೋದು ಬೇರೆ ಮಾತು. ಆಮೇಲೆ ಕೂತು ಓದಿದಾಗ ಗೊತ್ತಾಯಿತು, ರೇಟು ಏರಿಳಿಯೋದಕ್ಕೂ ನನ್ನ ಮುಖಕ್ಕೂ ಸಂಬಂಧವಿಲ್ಲ. ವಿಮಾನದೊಳಗೆ ಕಣ್ಣಿಗೆ ಕಾಣುವುದು ಎರಡೋ ಮೂರೋ ಕ್ಲಾಸು. ಕಂಪ್ಯೂಟರಿನೊಳಗೆ ಅದೇ ಎಕಾನಮಿ ಹತ್ತಕ್ಕೂ ಜಾಸ್ತಿ ಡಬ್ಬಿಗಳಾಗಿರುತ್ತದೆ. ಒಂದೊಂದು ಡಬ್ಬಿಗೂ ಒಂದೊಂದು ಇಂಗ್ಲಿಷ್ ಅಕ್ಷರ. ವೈ ಅಂದರೆ ಸಾಮಾನ್ಯವಾಗಿ ಪೂರ್ತಿ ರೇಟು. ಅಲ್ಲಿಂದ ಕೆಳಕ್ಕೆ ಬಿ, ಎಂ, ಕ್ಯೂ ಅಂತ ಅಗ್ಗವಾಗುತ್ತಾ ಹೋಗುತ್ತೆ. ಅಗ್ಗದ ಡಬ್ಬಿಯಲ್ಲಿ ಇಷ್ಟೇ ಸೀಟು ಅಂತ ಲೆಕ್ಕ. ಖಾಲಿಯಾದರೆ ಅದರ ಮೇಲಿನದು. ವ್ಯಾಪಾರ ಮಂಕಾದರೆ ಮುಚ್ಚಿದ ಡಬ್ಬಿಯನ್ನು ಮತ್ತೆ ತೆರೆಯುತ್ತಾರೆ. ಮೂರನೇ ದಿನ ಇಳಿದದ್ದು ಹಾಗೇ ಇರಬೇಕು. ಒಂದೇ ಸಾಲಿನಲ್ಲಿ ಕೂತು, ಒಂದೇ ಮೊಣಕೈ ಪಟ್ಟಿಗೆ ಜಗಳವಾಡುವ ಇಬ್ಬರು ಬೇರೆ ಬೇರೆ ಡಬ್ಬಿಯವರಾಗಿರುತ್ತಾರೆ.

ಈ ಜ್ಞಾನದಿಂದ ನಿಜಕ್ಕೂ ಒಂದು ಲಾಭವಾಯಿತು. ನಾಲ್ಕು ಜನ ಅಂತ ಹಾಕಿದರೆ ತಲೆಗೆ ಒಂದು ರೇಟು. ಸುಮ್ನೆ ಮೂರು ಅಂತ ಹಾಕಿ ನೋಡಿದೆ. ಗಣನೀಯವಾಗಿ ಕಮ್ಮಿ! ಅಗ್ಗದ ಡಬ್ಬಿಯಲ್ಲಿ ಉಳಿದಿದ್ದದ್ದು ಮೂರೇ ಸೀಟು. ನಾಲ್ಕು ಕೇಳಿದರೆ ನಾಲ್ಕೂ ಒಂದೇ ಡಬ್ಬಿಯಲ್ಲಿ ಸಿಗಬೇಕು ಅಂತ ಯಂತ್ರ ಎಲ್ಲರನ್ನೂ ಮೇಲಿನ ರೇಟಿಗೆ ಎತ್ತಿ ಹಾಕುತ್ತಿತ್ತು. ಇದನ್ನು ನೀವೂ ಮಾಡಿ ನೋಡಿ, ಇದೊಂದು ಕೆಲಸ ಮಾಡುತ್ತೆ.

ಮೂರು ಟಿಕೆಟ್ ಹೆಂಡತಿ ಮಕ್ಕಳಿಗೆ, 15ನೇ ತಾರೀಖು ಮಧ್ಯಾಹ್ನದ ವಿಮಾನ. ಉಳಿದವನು ನಾನು. ಅಲ್ಲಿಗೇ ಸುಮ್ಮನಾಗಿ ನಾಲ್ಕನೆಯದನ್ನು ಮೇಲಿನ ರೇಟಿಗೆ ಕೊಂಡಿದ್ದರೆ ಈ ಬರಹ ಇರುತ್ತಿರಲಿಲ್ಲ. ಕೆಳಗೆ ಉರುಳಿಸುತ್ತಾ ಹೋದೆ. ಅದೇ 15ನೇ ತಾರೀಖು, ರಾತ್ರಿ ಹನ್ನೆರಡೂ ಇಪ್ಪತ್ತಕ್ಕೆ ಇನ್ನೊಂದು ವಿಮಾನ. ಹೋಗಿಬರುವ ಟಿಕೆಟ್ಟು, ಎಲ್ಲಕ್ಕಿಂತ ಅಗ್ಗ. ನಿದ್ದೆಗೆಟ್ಟು ಹಾರುವವರು ಕಮ್ಮಿ, ಅದಕ್ಕೇ ಅಗ್ಗ. "ನೀವು ಮುಂದೆ ಹೋಗಿರಿ, ನಾನು ರಾತ್ರಿ ಬರ್ತೀನಿ" ಅಂದೆ. ಹೆಂಡತಿ "ಹನ್ನೆರಡೂ ಇಪ್ಪತ್ತಾ?" ಅಂತ ಒಂದು ಸಲ ಕೇಳಿದಳು. ಉಳಿಸಿದ ದುಡ್ಡಿನ ಲೆಕ್ಕದಲ್ಲಿದ್ದವನಿಗೆ ಆ ಪ್ರಶ್ನೆ ಕಿವಿಗೇ ಬೀಳಲಿಲ್ಲ.

15ರ ಮಧ್ಯಾಹ್ನ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು, ಕೈಬೀಸಿ, ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದೆ. ಹಿಂದಿನ ದಿನ ಕಂಪನಿಯಿಂದ ಫೋನಿಗೆ ಎರಡು ಸಂದೇಶ ಬಂದಿದ್ದವು. ಇನ್ನೇನೋ ಆಫರ್ ಇರಬೇಕು ಅಂತ ತೆರೆದಿರಲಿಲ್ಲ. ರಾತ್ರಿ ಹತ್ತಕ್ಕೆ, ಎರಡು ಗಂಟೆ ಮುಂಚೆಯೇ, ಶಿಸ್ತಿನ ಸಿಪಾಯಿಯ ಹಾಗೆ ಕೌಂಟರ್ ಮುಂದೆ ನಿಂತೆ.

ಆ ಹುಡುಗಿ ಪರದೆ ನೋಡಿದಳು. ನನ್ನ ಗುರುತಿನ ಚೀಟಿ ನೋಡಿದಳು. ಮತ್ತೆ ಪರದೆ ನೋಡಿದಳು. ಆಮೇಲೆ ಡಾಕ್ಟರು ರಿಪೋರ್ಟ್ ಓದಿ ಕನ್ನಡಕ ತೆಗೆಯುವ ಹಾಗೆ ಕೀಬೋರ್ಡಿನಿಂದ ಕೈ ತೆಗೆದಳು.

"ಸರ್, ಇದು ನಿನ್ನೆ ರಾತ್ರಿ ಹೋಯ್ತು."

"ಇಲ್ಲಮ್ಮ, ಟಿಕೆಟ್ಟು ಹದಿನೈದಕ್ಕೆ. ಇವತ್ತು ಹದಿನೈದೇ ಅಲ್ವಾ?"

"ಹೌದು ಸರ್. ಹದಿನೈದು ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಹೋಯ್ತು."

ಅಂದರೆ ಮಧ್ಯಾಹ್ನ ನಾನು ಹೆಂಡತಿ ಮಕ್ಕಳಿಗೆ ಕೈಬೀಸುವಾಗ, ನಾನು ಹೋಗಬೇಕಿದ್ದ ವಿಮಾನ ಹೋಗಿ ಮುಟ್ಟಿ, ಬಹುಶಃ ಇನ್ನೊಂದು ಸುತ್ತನ್ನೂ ಮುಗಿಸಿತ್ತು. ನನ್ನ ಸೀಟು ಖಾಲಿ ಹೋಗಿರಲಾರದು. ನನ್ನಂಥವರು ಇಷ್ಟು ಜನ ಇದ್ದೇ ಇರುತ್ತಾರೆ ಅಂತ ಲೆಕ್ಕ ಹಾಕಿಯೇ ಎಷ್ಟೋ ಕಂಪನಿಗಳು ಸೀಟಿಗಿಂತ ಜಾಸ್ತಿ ಟಿಕೆಟ್ ಮಾರುತ್ತವೆ.

ಹುಡುಗಿ ಒಳ್ಳೆಯವಳು. "ಇವತ್ತಿನ ಹನ್ನೆರಡೂ ಇಪ್ಪತ್ತಕ್ಕೆ ಒಂದು ಸೀಟಿದೆ ಸರ್" ಅಂದಳು. ರೇಟು ಹೇಳಿದಳು. ನಮ್ಮ ನಾಲ್ವರ ಟಿಕೆಟ್ಟಿನಲ್ಲಿ ನಾನು ವಾರಗಟ್ಟಲೆ ನಿದ್ದೆಗೆಟ್ಟು ಉಳಿಸಿದ್ದೆಲ್ಲ ಅದರಲ್ಲಿ ಮುಳುಗಿ, ಮೇಲೆ ಇನ್ನಷ್ಟು ಬೇಕಾಯಿತು.

ಆ ಒಂದು ಸೀಟು ಹೇಗೆ ಉಳಿದಿತ್ತು ಗೊತ್ತಾ? ಬ್ರಿಟನ್ನಿನ ಬಿಓಎಸಿ ಎಂಬ ವಿಮಾನ ಕಂಪನಿಯ ಕೆನ್ ಲಿಟಲ್‌ವುಡ್ ಅನ್ನುವವರು 1972ರಲ್ಲೇ ಇದರ ಸೂತ್ರ ಬರೆದಿಟ್ಟಿದ್ದಾರೆ. ಕೊನೆಗಳಿಗೆಯಲ್ಲಿ ಬರುವವನು ಎರಡರಷ್ಟು ಕೊಡುತ್ತಾನೆ ಅಂತಿಟ್ಟುಕೊಳ್ಳಿ. ಅವನು ಬರುವ ಸಂಭವ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಇವತ್ತು ಅಗ್ಗಕ್ಕೆ ಕೇಳುವವನಿಗೆ ಸೀಟು ಕೊಡಬೇಡ, ತಡೆದಿಟ್ಟುಕೋ. ಇಷ್ಟೇ. ಆಮೇಲೆ ಅಮೆರಿಕದಲ್ಲಿ 1978ರ ಕಾನೂನು ಬಂದು, ರೇಟು ನಿಗದಿ ಮಾಡುವುದು ಸರ್ಕಾರದ ಕೈಯಿಂದ ಹೋಯಿತು. ಪೀಪಲ್ ಎಕ್ಸ್‌ಪ್ರೆಸ್ ಅನ್ನುವ ಹೊಸ ಕಂಪನಿ ಎಲ್ಲರಿಗೂ ಅಗ್ಗ ಅಂತ ಹೊರಟಿತು. ಅಮೆರಿಕನ್ ಏರ್‌ಲೈನ್ಸ್‌ನ ರಾಬರ್ಟ್ ಕ್ರ್ಯಾಂಡಲ್ 1985ರಲ್ಲಿ ತಿರುಗೇಟು ಕೊಟ್ಟರು. ಬಹಳ ಮುಂಚೆ ಬುಕ್ ಮಾಡುವವರಿಗೆ ಒಂದಷ್ಟು ಸೀಟು ಮಾತ್ರ ಭಾರಿ ಅಗ್ಗ, ಉಳಿದದ್ದು ಕೊನೆಗೆ ಓಡಿಬರುವವರಿಗೆ. 1987ರ ಹೊತ್ತಿಗೆ ಪೀಪಲ್ ಎಕ್ಸ್‌ಪ್ರೆಸ್ ಇನ್ನೊಂದು ಕಂಪನಿಯೊಳಗೆ ಕರಗಿಹೋಗಿತ್ತು.

ಕೊನೆಗೆ ಓಡಿಬರುವವನು ಅಂದರೆ ಕೋಟು ತೊಟ್ಟ, ಕಂಪನಿ ದುಡ್ಡಲ್ಲಿ ತಿರುಗುವ ಸಾಹೇಬ ಅಂತ ಅವರ ಅಂದಾಜು. ಹವಾಯಿ ಚಪ್ಪಲಿ ಹಾಕಿಕೊಂಡು, ಸ್ವಂತ ದುಡ್ಡಲ್ಲಿ, ಎರಡು ಗಂಟೆ ಮುಂಚೆ ಬಂದೆ ಅಂತ ಬೀಗುತ್ತಾ ಬರುವವನೂ ಇರುತ್ತಾನೆ ಅಂತ ಲಿಟಲ್‌ವುಡ್‌ಗೆ ಹೊಳೆದಿತ್ತೋ ಇಲ್ಲವೋ.

ಸೀಟಲ್ಲಿ ಕೂತು ಬೆಲ್ಟ್ ಹಾಕುವಷ್ಟರಲ್ಲಿ ಪಕ್ಕದವರು ಕೇಳಿಯೇಬಿಟ್ಟರು. "ನೀವೆಷ್ಟು ಕೊಟ್ರಿ?" ಅವರ ಖುಷಿ ನೋಡಿದರೆ ಅಗ್ಗದ ಡಬ್ಬಿಯ ಗಿರಾಕಿ ಅಂತ ಗೊತ್ತಾಗುತ್ತಿತ್ತು. ನಾನು "ಹೆಚ್ಚು ಕಮ್ಮಿ ಅಷ್ಟೇ" ಅಂದು ಕಿಟಕಿ ಕಡೆ ತಿರುಗಿದೆ. ಈ ಪ್ರಶ್ನೆಯಿಂದ ಉದ್ಧಾರವಾದವರೂ ಇದ್ದಾರೆ. ಓರೆನ್ ಎಟ್ಜಿಯೋನಿ ಅನ್ನುವ ಪ್ರೊಫೆಸರ್ ಒಮ್ಮೆ ತಮ್ಮನ ಮದುವೆಗೆ ಅಂತ ಸಿಯಾಟಲ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದರು. ಬಹಳ ಮುಂಚೆಯೇ ಬುಕ್ ಮಾಡಿದ್ದರು. ವಿಮಾನದಲ್ಲಿ ಅಕ್ಕಪಕ್ಕದವರನ್ನು ಕೇಳಿದರೆ, ತಮಗಿಂತ ತಡವಾಗಿ ಕೊಂಡವರು ತಮಗಿಂತ ಕಮ್ಮಿ ಕೊಟ್ಟಿದ್ದರು. ಸಿಟ್ಟು ಬಂತು. ರೇಟು ಏರುತ್ತೋ ಇಳಿಯುತ್ತೋ ಅಂತ ಊಹಿಸುವ ಪ್ರೋಗ್ರಾಮ್ ಬರೆದರು, ಫೇರ್‌ಕಾಸ್ಟ್ ಅಂತ ಕಂಪನಿಯಾಯಿತು, 2008ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ನನಗೂ ತಮ್ಮನಿದ್ದಾನೆ, ನನಗೂ ಸಿಟ್ಟು ಬಂದಿತ್ತು. ಪ್ರೋಗ್ರಾಮ್ ಬರೆಯೋಕೆ ಬರುವುದಿಲ್ಲ, ಅಷ್ಟೇ.

ಬೆಳಗಿನ ಜಾವ ಮನೆ ಮುಟ್ಟಿದೆ. ತಮ್ಮ ಬಾಗಿಲು ತೆಗೆದು, "ಬಾ ಅಣ್ಣಾ" ಅಂದವನು ಒಳಗೆ ಓಡಿಹೋದ. ನಗು ತಡೆಯೋಕೆ ಅಂತ ಆಮೇಲೆ ಗೊತ್ತಾಯಿತು. ಹೆಂಡತಿ ಏನೂ ಅನ್ನಲಿಲ್ಲ. ವಾಪಸ್ ಹೋಗುವ ಹಿಂದಿನ ವಾರ ಮಾತ್ರ "ನಿಮ್ಮ ಟಿಕೆಟ್ ಒಂದ್ಸಲ ನೋಡ್ಕೊಳ್ಳಿ" ಅಂದಳು. ನೋಡಿದರೆ ರದ್ದಾಗಿತ್ತು. ಹೋಗಿಬರುವ ಟಿಕೆಟ್ಟಿನಲ್ಲಿ ಹೋಗುವಾಗ ಹತ್ತದಿದ್ದರೆ ಬರುವ ಪಯಣವನ್ನೂ ತಾನಾಗಿಯೇ ತೆಗೆದುಹಾಕುವ ನಿಯಮ ಬಹಳ ಕಡೆ ಇದೆ.

ನಾನು ಲ್ಯಾಪ್‌ಟಾಪ್ ತೆಗೆಯೋಕೆ ಎದ್ದೆ. ಅವಳು ಅಷ್ಟರಲ್ಲಿ ಫೋನ್ ಕೈಗೆತ್ತಿಕೊಂಡು, ಹಗಲಿನ ವಿಮಾನ, ತಾವು ಹೋಗುವ ಅದೇ ವಿಮಾನ, ಎರಡು ನಿಮಿಷದಲ್ಲಿ ಬುಕ್ ಮಾಡಿ ಮುಗಿಸಿದಳು.

"ಸ್ವಲ್ಪ ತಡೆದಿದ್ರೆ ಇಳೀತಿತ್ತು" ಅಂದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಕಪ್ಪು ಕಿಟಕಿ ತೆರೆದು ನೋಡಿದೆ. ರೇಟು ಏರಿತ್ತು. ಈವರೆಗೆ ಅವಳಿಗೆ ಹೇಳಿಲ್ಲ.