ಪೆಡಲ್ ತುಳಿಯದವನ ಪಾಡು

ಸೈಕಲ್ ಕ್ಲಬ್ಬಿನಲ್ಲಿ ಎರಡೇ ಜಾತಿ: ತುಳಿಯುವವರು ಮತ್ತು ನಿಲ್ಲುವವರು. ಮಂಡಿನೋವಿನ ಕೃಪೆಯಿಂದ ನಾನು ಎರಡನೆಯ ಜಾತಿ. ಕೋಳಿ ಕೂಗುವ ಮುನ್ನ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವುದು, ಬೆನ್ನಿನ ನಂಬರಿಗೆ ಪಿನ್ನು ಚುಚ್ಚುವುದು, ಸ್ಟಾಪ್‌ವಾಚ್ ಒತ್ತುವುದು, ಬಾಳೆಗೊನೆ ಕಾಯುವುದು ನನ್ನ ಕೆಲಸ. "ಸೈಕಲ್ಲೇ ಹೊಡೆಯದ ನಿಮಗೆ ಸೈಕಲ್ ಕ್ಲಬ್ಬು ಯಾಕೆ?" ಎಂದು ಹೆಂಡತಿ ಕೇಳಿದಳು. ಅಡುಗೆ ಬಾರದವರೂ ಮದುವೆ ಮನೆಯಲ್ಲಿ ಬಡಿಸುವುದಿಲ್ಲವೇ ಎಂದೆ. "ಅಲ್ಲಿ ಊಟವಾದರೂ ಸಿಗುತ್ತದೆ" ಎಂದಳು.

ನಮ್ಮ ವರ್ಷ ಯುಗಾದಿಗೂ ಶುರುವಾಗುವುದಿಲ್ಲ, ಜನವರಿಗೂ ಇಲ್ಲ. ಬ್ರೆವೆ ಎಂಬ ದೂರದ ಸವಾರಿಗಳ ಋತು ಆರಂಭವಾಗುವುದು ನವೆಂಬರ್ 1ಕ್ಕೆ. ರಾಜ್ಯೋತ್ಸವದ ಅಭಿಮಾನದಿಂದ ಅಲ್ಲ. ಇದರ ದೊರೆಗಳು ಪ್ಯಾರಿಸ್ಸಿನವರು, 1904ರಲ್ಲಿ ಹುಟ್ಟಿದ ಆಡಾಕ್ಸ್ ಕ್ಲಬ್ಬಿನವರು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಗಡುವು. ಮೊದಲು ಬಂದವನಿಗೂ ಗಡುವು ಮುಗಿಯುವ ಹೊತ್ತಿಗೆ ಏದುಸಿರು ಬಿಡುತ್ತ ಬಂದವನಿಗೂ ಒಂದೇ ಮರ್ಯಾದೆ. ಪದಕ ಬೇಕಾದರೆ ದುಡ್ಡು ಕೊಟ್ಟು ಕೊಳ್ಳಬೇಕು. ಇದನ್ನು ನೆಂಟರಿಗೆ ವಿವರಿಸುವುದು ಸವಾರಿಗಿಂತ ಕಷ್ಟ.

ದಾರಿಯಲ್ಲಿ ಕಂಟ್ರೋಲ್ ಎಂಬ ತಪಾಸಣೆಯ ತಾಣಗಳಲ್ಲಿ ನಮ್ಮಂಥವರು ಕುಳಿತು ಸವಾರರ ಕಾರ್ಡಿಗೆ ಮುದ್ರೆ ಒತ್ತುತ್ತೇವೆ. ಕೂರಲು ಯಾರೂ ಸಿಗದ ಊರಿನಲ್ಲಿ, ತಾನು ಅಲ್ಲಿಗೆ ಬಂದಿದ್ದೆ ಎನ್ನುವುದಕ್ಕೆ ಸವಾರ ಎಟಿಎಂ ಚೀಟಿ ತಂದರೆ ಸಾಕು. ಕಳೆದ ಋತುವಿನ 400 ಕಿ.ಮೀ. ಬ್ರೆವೆಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಅಪರಾತ್ರಿಯಲ್ಲಿ ಹಿರಿಯೂರಿನ ಎಟಿಎಂ ಒಂದಕ್ಕೆ ನುಗ್ಗಿದರು. ಮೈಮೇಲೆ ಫಳಫಳ ಹೊಳೆಯುವ ಹಳದಿ ಜಾಕೆಟ್, ಹಣೆಯ ಮೇಲೆ ಉರಿಯುವ ದೀಪ, ಹೆಲ್ಮೆಟ್ಟಿನ ಹಿಂದೆ ಮಿಣಮಿಣ ಕೆಂಪು ದೀಪ. ಕಾವಲಿನ ಅಜ್ಜ ಹೆಲ್ಮೆಟ್ ತೆಗೆಸಿ ಒಳಗೆ ಬಿಟ್ಟರು. ಯಂತ್ರ ನೂರು ರೂಪಾಯಿ ಕೊಟ್ಟಿತು, ಚೀಟಿ ಕೊಡಲಿಲ್ಲ. ಇವರು ಮತ್ತೆ ನೂರು ತೆಗೆದರು. ಮತ್ತೆ ನೂರು.

"ಹಣ ಬಂತಲ್ಲ ಸ್ವಾಮಿ?"

"ಹಣ ಯಾರಿಗೆ ಬೇಕು ಅಜ್ಜ, ಚೀಟಿ ಬೇಕು!"

ಅಜ್ಜ ಸ್ವಲ್ಪ ಹಿಂದೆ ಸರಿದು, ಎಲ್ಲಿಂದ ಬಂದಿರಿ ಎಂದು ವಿಚಾರಿಸಿದರು. ಬೆಂಗಳೂರಿನಿಂದ. ಎಲ್ಲಿಗೆ ಹೊರಟಿರಿ? ಬೆಂಗಳೂರಿಗೆ. ಆಗ ಅಜ್ಜ ತಮ್ಮ ಕುರ್ಚಿ ಬಿಟ್ಟುಕೊಟ್ಟು, ನೀರು ಕುಡಿಸಿ, ಮನೆಯವರ ನಂಬರ್ ಕೇಳಿದರು. ಸದಸ್ಯರು ಮನೆಯವರಿಗೆ ಹೆದರಿ ನನ್ನ ನಂಬರ್ ಕೊಟ್ಟರು. "ನಿಮ್ಮ ಕಡೆಯವರೊಬ್ಬರು ಇಲ್ಲಿದ್ದಾರೆ. ಒಳ್ಳೆಯ ಮನೆತನದವರ ಹಾಗೆ ಕಾಣುತ್ತಾರೆ. ಬೆಳಗಾಗುವುದರೊಳಗೆ ಬಂದು ಕರೆದುಕೊಂಡು ಹೋಗಿ" ಎಂಬ ಆ ಫೋನ್ ಕರೆಯಲ್ಲಿದ್ದ ಕರುಣೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಅಜ್ಜನ ಜೊತೆ ತೆಗೆಸಿಕೊಂಡ ಫೋಟೊವನ್ನೇ ಪುರಾವೆಯೆಂದು ಒಪ್ಪಿಕೊಂಡೆವು.

ರೇಸಿನವರ ಕಷ್ಟ ಬೇರೆ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ರೇಸ್ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಕೂಡದು. ನಮ್ಮವರು ಲಕ್ಷಗಟ್ಟಲೆ ಸುರಿದು ಆ ಗಡಿಯವರೆಗೆ ಇಳಿಸುತ್ತಾರೆ. ಸವಾರನ ತೂಕಕ್ಕೆ ನಿಯಮವಿಲ್ಲದಿರುವುದು ಪುಣ್ಯ.

ಡಿಸೆಂಬರಿನ ಟೈಮ್ ಟ್ರಯಲ್ ದೇವನಹಳ್ಳಿಯ ಆಚೆಯ ಹಳ್ಳಿ ರಸ್ತೆಯಲ್ಲಿತ್ತು. ನಿಮಿಷಕ್ಕೊಬ್ಬರಂತೆ ಬಿಡುವುದು, ಮುಂದೆ ಯಾರೂ ಕಾಣುವುದಿಲ್ಲ, ಬಾಣದ ಗುರುತೇ ಗತಿ. ರಾತ್ರಿಯೇ ಸುಣ್ಣದ ಪುಡಿಯಲ್ಲಿ ಬಾಣ ಬಿಡಿಸಿದ್ದೆವು. ಧನುರ್ಮಾಸದ ನಸುಕು, ತಿರುವಿನ ಮನೆಯಾಕೆ ಎದ್ದು, ಸಗಣಿ ನೀರು ಹಾಕಿ ಸಾರಿಸಿ, ಬಾಣವಿದ್ದ ಜಾಗದಲ್ಲಿ ರಸ್ತೆಯಗಲ ಚುಕ್ಕಿ ರಂಗೋಲಿ ಇಟ್ಟಿದ್ದಳು. ಎಡಕ್ಕೆ ತಿರುಗಬೇಕಾದವರು ನೇರ ಹೋಗಿ ಕೆರೆ ಏರಿ ಹತ್ತಿದರು. ಅಲ್ಲಿ ಒಕ್ಕಣೆಗೆಂದು ಹರಡಿದ್ದ ಹುರುಳಿ ಸೊಪ್ಪು ಲಕ್ಷ ರೂಪಾಯಿಯ ಚಕ್ರಗಳಿಗೆ ಸುತ್ತಿಕೊಂಡಿತು. ಕೇಳಲು ಹೋದ ನನಗೆ ಆಕೆ ದಬಾಯಿಸಿದಳು: "ಬಾಗಿಲ ಮುಂದೆ ಬಿಳಿ ಪುಡಿಯಲ್ಲಿ ಬಾಣ ಬರೆದವರು ನೀವೇನಾ? ಯಾರೋ ಮಾಟ ಮಾಡಿಸಿದ್ದಾರೆಂದು ನಮ್ಮ ಅತ್ತೆ ಊಟ ಬಿಟ್ಟಿದ್ದಾರೆ!"

ಅಂದು ಗೆದ್ದವನು ವಿಜಯಪುರದ ಕಡೆಯ ಹುಡುಗ. ವಿಜಯಪುರ, ಬಾಗಲಕೋಟೆಯವರಿಗೆ ಸೈಕಲ್ ರಕ್ತದಲ್ಲೇ ಇದೆ. ರಾಷ್ಟ್ರಮಟ್ಟದ ಪದಕಗಳೂ ಆ ಕಡೆಗೆ ಹೋಗಿವೆ. ಈ ಹುಡುಗ ಸೈಕಲ್ ನಿಲ್ಲಿಸಿ, "ಅಕ್ಕ, ದಾರಿ ಯಾವ ಕಡೆ?" ಎಂದು ಅದೇ ಮನೆಯಾಕೆಯನ್ನು ಕೇಳಿಕೊಂಡು ಹೋಗಿಯೂ ಗೆದ್ದ.

ನಂದಿ ಬೆಟ್ಟದ ಸ್ಪರ್ಧೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1,478 ಮೀಟರ್ ಎತ್ತರದಲ್ಲಿ ಬಾಳೆಗೊನೆ ಇಟ್ಟುಕೊಂಡು ಒಬ್ಬನೇ ಕುಳಿತವನ ಸುತ್ತ ಕೋತಿಗಳು ಹೇಗೆ ಸಭೆ ಸೇರುತ್ತವೆ ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಮೊದಲ ಸವಾರ ತುದಿ ಮುಟ್ಟಿದಾಗ ನಾನು ಸ್ಟಾಪ್‌ವಾಚ್ ಉಳಿಸಿಕೊಂಡಿದ್ದೆ, ಅಷ್ಟೇ.

ಅಕ್ಟೋಬರಿನ ವಾರ್ಷಿಕ ಸಭೆಯಲ್ಲಿ, ನಿವೃತ್ತ ಬ್ಯಾಂಕ್ ಮ್ಯಾನೇಜರರಾದ ನಮ್ಮ ಖಜಾಂಚಿ ಆ ಗೊನೆಯ ಖರ್ಚಿನ ಮೇಲೆ ಬೆರಳಿಟ್ಟರು. ಯಾವ ಸವಾರನೂ ಹಣ್ಣು ತಿಂದಿಲ್ಲ, ಅಂದಮೇಲೆ ವಿತರಣೆಯ ಲೆಕ್ಕ ಎಲ್ಲಿ? ಕೋತಿಗಳು ಸಹಿ ಹಾಕಲಿಲ್ಲ ಎಂದೆ. ಅರ್ಧ ಗಂಟೆಯ ಚರ್ಚೆಯ ಬಳಿಕ, ಮುಂದಿನ ವರ್ಷ ಬಾಳೆಹಣ್ಣಿನ ಬದಲು ಕಡಲೆ ಮಿಠಾಯಿ ಕೊಡುವುದೆಂದು ಠರಾವಾಯಿತು. ಕೋತಿಗಳಿಗೆ ಅದು ಇನ್ನೂ ಇಷ್ಟ ಎಂದು ನಾನು ಹೇಳಹೋಗಲಿಲ್ಲ.